ಹೊಟ್ಟೆ ತೊಳಸಿದ್ದು ಮಾತ್ರೆಗೋ, ಹೊಗೆಸೊಪ್ಪಿಗೋ? ಕೇಳೋರು ಯಾರು?

“ನಿಮ್ಮ ಹೆಂಗಸ್ರಿಗೆ ಮಾತ್ರೆ ಆಗಿಬರಲ್ಲ ಕಣ್ರೀ. ಎರಡು ದಿನ ನುಂಗ್ತಾರೆ, ವಾಂತಿ ಅಂತಾರೆ, ಬಿಸಾಕ್ತಾರೆ. ಆಪರೇಷನ್ ಮಾಡಿಸಿಬಿಡಿ, ತಲೆನೋವೇ ಇರಲ್ಲ.”

ಬಿಳಿಕೆರೆ ಸುತ್ತಮುತ್ತಲ ಕೇರಿಗಳ ವಿಷಯ ಎತ್ತಿಕೊಂಡು ಯಾವ ಮೀಟಿಂಗಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತೆ. ಹೇಳೋರು ಓದಿದವರು, ನಮಗೆ ಒಳ್ಳೇದು ಮಾಡ್ತಿದ್ದೀವಿ ಅಂತ ನಂಬಿರೋರು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ. “ನಿಮ್ಮ ಹೆಂಗಸ್ರು” ಅಂದ್ರೆ ಯಾರು ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಇವತ್ತು ಒಸಿ ಉದ್ದ ಬರೀತೀನಿ. ಪೂರ್ತಿ ಓದಿ, ಆಮೇಲೆ ಜಗಳಕ್ಕೆ ಬನ್ನಿ.

ಮೊದಲು ಮಾತ್ರೆ ವಿಷಯ. ಸರ್ಕಾರ ಪುಕ್ಕಟೆ ಕೊಡೋ ಮಾಲಾ-ಎನ್ ಪ್ಯಾಕೆಟ್‌ನಲ್ಲಿ 28 ಮಾತ್ರೆ ಇರ್ತವೆ. 21 ಹಾರ್ಮೋನಿನವು, ಒಂದೊಂದರಲ್ಲೂ ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ, ಎಥಿನೈಲ್ ಎಸ್ಟ್ರಡಯಾಲ್ 0.03 ಮಿಲಿಗ್ರಾಂ. ಬೇರೆ ಬಣ್ಣದ ಉಳಿದ 7 ಕಬ್ಬಿಣಾಂಶದವು. ಇದರಲ್ಲಿನ ಈಸ್ಟ್ರೋಜನ್‌ನಿಂದ ಕೆಲವರಿಗೆ ಹೊಟ್ಟೆ ತೊಳಸುತ್ತೆ, ವಾಂತಿ ಆಗುತ್ತೆ, ಹೊಟ್ಟೆ ಉಬ್ಬರಿಸುತ್ತೆ. ಇದು ನಾಟಕ ಅಲ್ಲ, ವೈದ್ಯಶಾಸ್ತ್ರದ ಪುಸ್ತಕದಲ್ಲೇ ಇರೋದು. ಹೆಚ್ಚಿನವರಿಗೆ ಎರಡು ಮೂರು ತಿಂಗಳಲ್ಲಿ ತಾನಾಗೇ ಕಮ್ಮಿ ಆಗುತ್ತೆ. ಬೆಳಗ್ಗೆ ಬರೀ ಹೊಟ್ಟೇಲಿ ಟೀ ಜೊತೆ ನುಂಗೋ ಬದಲು ರಾತ್ರಿ ಊಟ ಆದಮೇಲೆ ನುಂಗಿದರೆ ಎಷ್ಟೋ ವಾಸಿ.

ಕೊನೇ ವಾರದ ಕಬ್ಬಿಣದ ಮಾತ್ರೆಗೆ ಹೊಟ್ಟೆ ನುಲಿಯುತ್ತೆ, ಮಲಬದ್ಧತೆ ಆಗುತ್ತೆ, ಮಲ ಕಪ್ಪಾಗುತ್ತೆ. ಆ ಕಪ್ಪು ನೋಡಿ “ಒಳಗೆ ಕರುಳು ಕೊಳೀತಾ ಐತೆ ಕಣಕ್ಕ” ಅಂತ ಹೆದರಿ ಪ್ಯಾಕೆಟ್ಟನ್ನೇ ಒಲೆಗೆ ಹಾಕಿದ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೀನಿ. ಕೊಡುವಾಗಲೇ ಒಂದು ಮಾತು ಹೇಳಿದ್ದರೆ ಮುಗೀತಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಗರ್ಭನಿರೋಧಕ ಬಳಸ್ತಿರೋ ಹೆಂಗಸರಲ್ಲಿ ಅಡ್ಡಪರಿಣಾಮದ ಬಗ್ಗೆ ಯಾರಾದರೂ ತಿಳಿಸಿದ್ದು ದೇಶದಲ್ಲಿ ನೂರಕ್ಕೆ ಸುಮಾರು 62 ಜನಕ್ಕೆ. ಉಳಿದವರು ನಮ್ಮ ಕೇರಿಯವರೇ ಅಂತ ನಾನು ಹೇಳ್ತಿಲ್ಲ. ಯಾರಿಗೆ ಹೇಳಿರ್ತಾರೆ, ಯಾರಿಗೆ ಹೇಳಿರಲ್ಲ ಅನ್ನೋದು ನೀವೇ ಯೋಚನೆ ಮಾಡಿ.

ಈಗ ಯಾರೂ ಕೇಳದ ಪ್ರಶ್ನೆಗೆ ಬರ್ತೀನಿ. ಆ ಹೆಂಗಸು ಹಗಲು ಹೊತ್ತು ಏನು ಕೆಲಸ ಮಾಡ್ತಾಳೆ?

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಅಂದರೆ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳಲ್ಲಿ ಕೆ.ಜಿ.ಗೆ ಎಷ್ಟು ಸಿಕ್ತು ಅನ್ನೋದು ಪೇಪರಿನಲ್ಲಿ ಬರುತ್ತೆ. ಆ ಸೊಪ್ಪು ಮುರಿದವಳ ಹೊಟ್ಟೆಗೆ ಏನಾಯ್ತು ಅನ್ನೋದು ಬರಲ್ಲ. ಮಳೆಗಾಲದಲ್ಲಿ ಬೆಳಗಿನ ಮಂಜು ಆರೋ ಮುಂಚೆ ಹೊಲಕ್ಕಿಳೀಬೇಕು. ಒದ್ದೆ ಎಲೆ ಕಂಕುಳಲ್ಲಿ ಅವುಚಿಕೊಂಡು ಹೊರಬೇಕು, ಆಮೇಲೆ ಕೂತು ಕಡ್ಡಿಗೆ ಕಟ್ಟಿ ಬ್ಯಾರನ್‌ಗೆ ಏರಿಸೋಕೆ ಕೊಡಬೇಕು. ಹಸಿ ಎಲೆಯ ನಿಕೋಟಿನ್ ನೀರಿನಲ್ಲಿ ಕರಗುತ್ತೆ, ನೆಂದ ಸೀರೆ ರವಿಕೆಯಿಂದ ಚರ್ಮದೊಳಕ್ಕೆ ಇಳಿಯುತ್ತೆ. ಕೆಲವೇ ಗಂಟೆಯಲ್ಲಿ ತಲೆಸುತ್ತು, ಹೊಟ್ಟೆ ತೊಳಸು, ವಾಂತಿ, ಹೊಟ್ಟೆ ನುಲಿತ, ಬೆವರು, ಸುಸ್ತು. ಇದಕ್ಕೆ ಹಸಿರು ತಂಬಾಕು ಕಾಯಿಲೆ ಅಂತ ಹೆಸರು. 1970ರಲ್ಲೇ ಅಮೆರಿಕದ ಫ್ಲಾರಿಡಾದ ವೈದ್ಯರು ಇದನ್ನು ಬರೆದಿಟ್ಟರು. ನಮ್ಮ ದೇಶದಲ್ಲೂ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಗುಜರಾತಿನ ಹೊಗೆಸೊಪ್ಪು ಕೂಲಿಗಳಲ್ಲಿ ಇದನ್ನು ಅಧ್ಯಯನ ಮಾಡಿದೆ. ಸಾಲದ್ದಕ್ಕೆ ಅದೇ ಹೊಲಕ್ಕೆ ಹೊಡೆದ ಕೀಟನಾಶಕ ಬೇರೆ. ಅದೂ ವಾಂತಿ ತರಿಸುತ್ತೆ.

ನಾನೂ ಸೊಪ್ಪು ಮುರಿದವಳೇ. ಕೈಗೆ ಮೆತ್ತಿದ ಕಪ್ಪು ಅಂಟು ಸೀಗೆಪುಡಿಗೂ ಬಿಡ್ತಿರಲಿಲ್ಲ. ಅದೇ ಕೈಯಲ್ಲಿ ಮುದ್ದೆ ಮುರೀಬೇಕು. ಒಂದು ಸಂಜೆ ವಾಂತಿ ನಿಲ್ಲದೆ ಆಸ್ಪತ್ರೆಗೆ ಹೋದೆ. ಮಾತ್ರೆ ತಗೋತೀಯಾ ಅಂತ ಕೇಳಿದರು. ಹೂಂ ಅಂದೆ. “ಅದಕ್ಕೇ ಕಣಮ್ಮ, ನಿಲ್ಸು, ಆಪರೇಷನ್‌ಗೆ ಹೆಸರು ಬರ್ಸು” ಅಂದರು. ಏನು ಕೆಲಸ ಮಾಡ್ತೀಯಾ ಅನ್ನೋ ಒಂದೇ ಒಂದು ಪ್ರಶ್ನೆ ಬರಲಿಲ್ಲ. ನನ್ನ ಕೈ ಕಪ್ಪಗೆ ಅವರ ಟೇಬಲ್ ಮೇಲೇ ಇತ್ತು.

ಇದರ ಒಳಗಿನ ಅನ್ಯಾಯ ನೋಡಿ. ಸೊಪ್ಪಿನ ವಾಂತಿ ಹೆಚ್ಚಾಗಿ ಸಂಜೆ, ರಾತ್ರಿ ಬರುತ್ತೆ. ರಾತ್ರಿ ಊಟ ಆದಮೇಲೆ ನುಂಗಿದ ಮಾತ್ರೆ ಅದರ ಜೊತೆಗೇ ಆಚೆ ಹೋಗುತ್ತೆ. ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿ ಆದರೆ ಇನ್ನೊಂದು ಮಾತ್ರೆ ತಗೋಬೇಕು, ಎರಡು ದಿನ ಮೀರಿ ಜೋರು ವಾಂತಿ ಬೇಧಿ ಆದರೆ ಮಾತ್ರೆ ತಪ್ಪಿಸಿದ ಲೆಕ್ಕವೇ ಅಂತ ಅವಳಿಗೆ ಹೇಳಿರಲ್ಲ. ಬಸುರಿ ಆಗ್ತಾಳೆ. ಬಸುರಿಗೂ ಹೊಟ್ಟೆ ತೊಳಸುತ್ತೆ, ಅದನ್ನೂ ಮಾತ್ರೆ ತಲೆಗೇ ಕಟ್ತಾರೆ. ಕೊನೆಗೆ “ನಿಮ್ಮವರಿಗೆ ಶಿಸ್ತಿಲ್ಲ” ಅಂತ ಷರಾ ಬರೀತಾರೆ. ಸೊಪ್ಪು ಯಜಮಾನನದು, ಲಾಭ ಕಂಪನಿಯದು, ತಪ್ಪು ಮಾತ್ರ ನಮ್ಮದು!

ಬಡ ಹೆಂಗಸಿನ ಮಾತನ್ನು ತಳ್ಳಿಹಾಕೋದು ಈ ಮಾತ್ರೆ ಹುಟ್ಟಿದಾಗಲೇ ಶುರುವಾಯ್ತು. 1956ರಲ್ಲಿ ಮಾತ್ರೆಯನ್ನು ದೊಡ್ಡದಾಗಿ ಪ್ರಯೋಗ ಮಾಡಿದ್ದು ಪೋರ್ಟೊ ರಿಕೋದ ಬಡ ಹೆಂಗಸರ ಮೇಲೆ. ಅಲ್ಲಿನ ಉಸ್ತುವಾರಿ ವೈದ್ಯೆ ಎಡ್ರಿಸ್ ರೈಸ್-ರೇ, ನೂರಕ್ಕೆ 17 ಜನರಿಗೆ ಹೊಟ್ಟೆ ತೊಳಸು, ವಾಂತಿ, ಹೊಟ್ಟೆನೋವು, ತಲೆಸುತ್ತು ಅಂತ ವರದಿ ಕೊಟ್ಟರು. ಪಿಂಕಸ್, ರಾಕ್ ಅನ್ನೋ ದೊಡ್ಡ ವಿಜ್ಞಾನಿಗಳು ಅದೆಲ್ಲ ಮನಸ್ಸಿನ ಭ್ರಮೆ ಅಂದರು. ಆ ಹೆಂಗಸರು ಹೇಳಿದ್ದೇ ನಿಜ. ಆಗಿನ ಡೋಸು ಈಗಿನದಕ್ಕಿಂತ ಎಷ್ಟೋ ಪಾಲು ಹೆಚ್ಚಿತ್ತು, ಆಮೇಲೆ ಇಳಿಸಲೇಬೇಕಾಯ್ತು.

ಹಾಗಂತ ವಾಟ್ಸಾಪಿನಲ್ಲಿ “ಮಾತ್ರೆ ವಿಷ, ಗರ್ಭಕೋಶ ಕೊಳೆಯುತ್ತೆ” ಅಂತ ಹರಡೋರ ಜೊತೆ ನಾನಿಲ್ಲ. ಬಾಬಾಸಾಹೇಬರ ಹೆಸರು ಹೇಳೋ ನಮಗೆ ಆ ಮಾತು ಶೋಭೆಯಲ್ಲ. ಸಂತಾನ ನಿಯಂತ್ರಣದ ಸೌಲಭ್ಯವನ್ನು ಸರ್ಕಾರವೇ ಒದಗಿಸಬೇಕು ಅಂತ 1938ರ ನವೆಂಬರ್ 10ರಂದು ಬಾಂಬೆ ವಿಧಾನಸಭೆಯಲ್ಲಿ ನಿರ್ಣಯ ತಂದಿದ್ದು ಅವರ ಸ್ವತಂತ್ರ ಕಾರ್ಮಿಕ ಪಕ್ಷ. ಅವರು ಬರೆದ ಭಾಷಣವನ್ನು ಪಿ.ಜೆ. ರೋಹಂ ಮಂಡಿಸಿದರು, ಸಭೆ ಅದನ್ನು ಸೋಲಿಸಿತು. ಅದಕ್ಕೂ ಮುಂಚೆ, 1930ರಲ್ಲೇ, ನಮ್ಮ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಕ್ಲಿನಿಕ್ ತೆರೆಯೋಕೆ ಆದೇಶ ಮಾಡಿತ್ತು. ಇಂಥ ನೆಲದಲ್ಲಿ ಇವತ್ತು ಏನಾಗಿದೆ? ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ಆಪರೇಷನ್ ಆಗಿದೆ. ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗಲ್ಲ. ಅಣ್ಣಂದಿರೇ, ವೇದಿಕೆ ಮೇಲೆ ಸಮಾನತೆ ಅಂತ ಮುಷ್ಟಿ ಎತ್ತೋ ನೀವು ಈ ಸೊನ್ನೆಗೆ ಉತ್ತರ ಕೊಡಿ. ಗಂಡಸರದ್ದು ಸಣ್ಣ ಚಿಕಿತ್ಸೆ, ಹೊಲಿಗೆಯೂ ಬೇಡ.

ಆಪರೇಷನ್ ಬೇಕು ಅಂತ ಅವಳೇ ಕೇಳಿದರೆ ಮಾಡಿಸಿ, ಅದು ಅವಳ ಹಕ್ಕು. ವಾಂತಿಗೆ ಕಾರಣ ಹುಡುಕೋ ತೊಂದರೆ ತಪ್ಪಿಸಿಕೊಳ್ಳೋಕೆ ಮಾಡಿಸಬೇಡಿ. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಒಂದೇ ಶಿಬಿರದಲ್ಲಿ 83 ಹೆಂಗಸರಿಗೆ ಗಂಟೆಗಳಲ್ಲಿ ಆಪರೇಷನ್ ಮಾಡಿದರು. ಆ ದುರಂತದಲ್ಲಿ 13 ಹೆಂಗಸರು ಸತ್ತರು. 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನು ಮೂರು ವರ್ಷದಲ್ಲಿ ನಿಲ್ಲಿಸಿ ಅಂತ ಹೇಳಿದ್ದು ಸುಮ್ಮನೆ ಅಲ್ಲ.

ಅಕ್ಕತಂಗೀರೇ, ಇದಿಷ್ಟು ನೀವು ನೆನಪಿಟ್ಟುಕೊಳ್ಳಿ.

ಮಾತ್ರೆ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ, ಕೆಲಸ ಇರಲಿ ಬಿಡಲಿ ದಿನಾ ಹೊಟ್ಟೆ ತೊಳಸಿದರೆ ಮಾತ್ರೆ ಇರಬಹುದು. ಸೊಪ್ಪು ಮುರಿದ ದಿನ ಮಾತ್ರ ಬಂದು, ಕೆಲಸಕ್ಕೆ ಹೋಗದ ದಿನ ಇಲ್ಲದಿದ್ದರೆ ಸೊಪ್ಪನ್ನು ಅನುಮಾನಿಸಿ.

ಮುಟ್ಟು ತಪ್ಪಿದ್ದರೆ, ಮಾತ್ರೆ ಮರೆತಿದ್ದರೆ ಆಶಾ ಅಕ್ಕನ ಹತ್ತಿರ ಇರೋ ನಿಶ್ಚಯ್ ಕಿಟ್‌ನಲ್ಲಿ ಮೂತ್ರ ಪರೀಕ್ಷೆ ಮಾಡಿ.

ಎದೆ ಉರಿ, ಹೊಟ್ಟೆ ಉರಿ ಇದ್ದರೆ ಗ್ಯಾಸ್ಟ್ರಿಕ್ ಇರಬಹುದು. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗೋ ನೋವಿನ ಮಾತ್ರೆಯೂ ಹೊಟ್ಟೆ ಕೆಡಿಸುತ್ತೆ. ಜಂತುಹುಳು, ಕೆಟ್ಟ ನೀರು, ಪಿತ್ತಕೋಶದ ಕಲ್ಲು, ಎಲ್ಲವೂ ಕಾರಣ ಆಗಬಹುದು.

ತಡೆಯಲಾಗದ ಹೊಟ್ಟೆನೋವು, ಕಣ್ಣು ಹಳದಿ, ಎದೆನೋವು, ಜೋರು ತಲೆನೋವು, ಕಣ್ಣು ಮಂಜು, ಒಂದು ಕಾಲು ಊದಿ ನೋವು ಬಂದರೆ ಮಾತ್ರೆ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಹೋಗಿ. ಕಬ್ಬಿಣದ ಮಾತ್ರೆ ನುಂಗದ ದಿನಗಳಲ್ಲೂ ಮಲ ಡಾಂಬರಿನಂತೆ ಹೋದರೂ ತಡ ಮಾಡಬೇಡಿ.

ಬಿ.ಪಿ. ಇದ್ದರೆ, ಮಗುವಿಗೆ ಆರು ತಿಂಗಳೊಳಗೆ ಹಾಲುಣಿಸ್ತಿದ್ದರೆ, ಟಿ.ಬಿ. ಇಲ್ಲವೇ ಮೂರ್ಛೆರೋಗದ ಮಾತ್ರೆ ತಗೋತಿದ್ದರೆ, 35 ದಾಟಿ ಬೀಡಿ ಸೇದ್ತಿದ್ದರೆ ಮೊದಲೇ ಹೇಳಿ.

ಮಾಲಾ-ಎನ್ ಒಂದೇ ದಾರಿ ಅಲ್ಲ. ಲಕ್ನೋದ ಸರ್ಕಾರಿ ಸಂಸ್ಥೆ ಕಂಡುಹಿಡಿದ ‘ಛಾಯಾ’ದಲ್ಲಿ ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಮುಟ್ಟು ಒಸಿ ಹಿಂದೆಮುಂದೆ ಆಗಬಹುದು. ಕಾಪರ್-ಟಿ ಇದೆ, ಕಾಂಡೋಮ್ ಇದೆ. ಕೇಳಿ ತಗೊಳ್ಳಿ.

ಇನ್ನು ಅಧಿಕಾರದಲ್ಲಿ ಇರೋರಿಗೆ ನಮ್ಮ ಬೇಡಿಕೆ:

1. ವಾಂತಿ ಅಂತ ಬಂದ ಹೆಂಗಸಿಗೆ ಆಸ್ಪತ್ರೆಯಲ್ಲಿ ಕೇಳೋ ಮೊದಲ ಪ್ರಶ್ನೆಗಳಲ್ಲಿ “ಏನು ಕೆಲಸ ಮಾಡ್ತೀಯವ್ವ” ಅನ್ನೋದು ಇರಲಿ, ಚೀಟಿಯಲ್ಲಿ ಬರೆಯಲಿ.

2. ಸೊಪ್ಪಿನ ಕೂಲಿಗೆ ಕೈಗವಸು, ನೀರು ಇಳಿಯದ ಅಂಗಿ, ಕೈ ತೊಳೆಯೋಕೆ ಸೋಪು ನೀರು ಕೊಡೋದು ಯಜಮಾನನ ಜವಾಬ್ದಾರಿ ಆಗಲಿ. ತಂಬಾಕು ಮಂಡಳಿ ಬ್ಯಾರನ್‌ಗೆ ಲೈಸೆನ್ಸ್ ಕೊಡುವಾಗ ಇದನ್ನೂ ಷರತ್ತು ಮಾಡಲಿ. ಬಸುರಿ, ಮಕ್ಕಳನ್ನು ಹಸಿ ಸೊಪ್ಪಿಗೆ ಇಳಿಸಬಾರದು.

3. ಮಾತ್ರೆ ಕೊಡುವಾಗ ಅಡ್ಡಪರಿಣಾಮ ತಿಳಿಸಬೇಕು, ಮೂರನೇ ವಾರ ಹೋಗಿ ವಿಚಾರಿಸಬೇಕು. ಇದನ್ನೂ ಆಶಾ ಅಕ್ಕಂದಿರ ತಲೆಗೇ ಪುಕ್ಕಟೆ ಕಟ್ಟಬೇಡಿ. 15,000 ರೂಪಾಯಿಗಾಗಿ 2025ರ ಜನವರಿ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಮಲಗಿದವರು ಅವರು.

4. ಆಪರೇಷನ್ ಬಗ್ಗೆ ಮಾತಾಡೋಕೆ ಮೊದಲು ಗಂಡನನ್ನೂ ಕರೆಸಿ ಕೂರಿಸಿ.

ನಮ್ಮ ಹೆಂಗಸರಿಗೆ ಶಿಸ್ತಿಲ್ಲವಂತೆ. ಮಂಜು ಆರೋ ಮುಂಚೆ ಹೊಲದಲ್ಲಿ ಸಾಲು ಹಿಡಿಯೋಳು, ವಾಂತಿ ಮಾಡಿ ಬಾಯಿ ಮುಕ್ಕಳಿಸಿ ಮತ್ತೆ ಅದೇ ಸಾಲಿಗೆ ಬಗ್ಗೋಳು ಅವಳು. ಅವಳಿಗೆ ಶಿಸ್ತಿನ ಪಾಠ ಹೇಳೋಕೆ ಮುಂಚೆ ಒಂದು ದಿನ ಆ ಸೊಪ್ಪು ಹೊತ್ತು ನೋಡಿ.

ಜೈ ಭೀಮ್.