ಅಂಜನಾಪುರದ ನೀರಂಚಿನಲ್ಲಿ ಹೊಸ ಕ್ಯಾಮೆರಾ

ಹೊಸ ಯಂತ್ರವೊಂದು ಕೈಸೇರಿದಾಗ ಅದರ ಗುಣಗಾನಕ್ಕೆ ತೊಡಗುವುದು ಮನುಷ್ಯಸ್ವಭಾವ. ಹಣ ತೆತ್ತವನಂತೂ ಅದರ ದೋಷಗಳನ್ನು ಸುಲಭವಾಗಿ ಒಪ್ಪಲಾರ. ಆದಕಾರಣ, ವನ್ಯಜೀವಿಗಳ ಚಿತ್ರ ತೆಗೆಯಲೆಂದು ಈಚೆಗೆ ಕನ್ನಡಿರಹಿತ ಡಿಜಿಟಲ್ ಕ್ಯಾಮೆರಾಗಳನ್ನು ಕೊಂಡ ನಮ್ಮ ಇಬ್ಬರು ಮಿತ್ರರ ಅನುಭವವನ್ನು ಅವರ ಮಾತಿನಿಂದ ತಿಳಿಯುವುದಕ್ಕಿಂತ ಅವರು ತೆಗೆದ ಚಿತ್ರಗಳಿಂದ ತಿಳಿಯುವುದೇ ಮೇಲೆಂದು ಭಾವಿಸಿ, ಕಳೆದ ಚಳಿಗಾಲದಲ್ಲಿ ಎರಡು ದಿನ ಅವರೊಡನೆ ಅಂಜನಾಪುರದ ಜಲಾಶಯಕ್ಕೆ ಹೋಗಿದ್ದೆವು. ಒಬ್ಬರು ಶಾಲಾ ಉಪಾಧ್ಯಾಯರು; ಇನ್ನೊಬ್ಬರು ಅಡಕೆ ಬೆಳೆಗಾರರು. ಇವರ ಜೊತೆಗೆ ಉಪಾಧ್ಯಾಯರ ಶಿಷ್ಯನೊಬ್ಬ, ಕಾಲೇಜು ವಿದ್ಯಾರ್ಥಿ, ಹತ್ತು ವರ್ಷ ಹಳೆಯದಾದ ಒಂದು ಸಣ್ಣ ಕ್ಯಾಮೆರಾ ಹಿಡಿದು ಬಂದಿದ್ದ. ಸಾಲ ಮಾಡಿಯಾದರೂ ಹೊಸದನ್ನು ಕೊಳ್ಳಬೇಕೆ ಎಂಬುದು ಅವನ ಪ್ರಶ್ನೆ. ಈ ಲೇಖನ ಬಹುಮಟ್ಟಿಗೆ ಅವನಿಗೆ ನಾವು ಕೊಡುವ ಉತ್ತರ.

ಅಂಜನಾಪುರವು ಶಿಕಾರಿಪುರಕ್ಕೆ ಸಮೀಪದಲ್ಲಿದೆ. ಮಲೆನಾಡಿನಲ್ಲಿ ಹುಟ್ಟಿ ತುಂಗಭದ್ರೆಯನ್ನು ಸೇರುವ ಕುಮುದ್ವತಿ ನದಿಗೆ ಇಲ್ಲಿ ಕಟ್ಟೆ ಹಾಕಿ ನೀರಾವರಿಗಾಗಿ ನೀರನ್ನು ನಿಲ್ಲಿಸಿದ್ದಾರೆ. ನೀರು ಇಳಿದಂತೆ ಅಂಚಿನ ಕೆಸರು ಹೊರಬೀಳುತ್ತದೆ; ಆ ಕೆಸರಿನಲ್ಲಿ ಹುಳುಹುಪ್ಪಟೆಗಳನ್ನು ಹೆಕ್ಕಲು ಬೆಳ್ಳಕ್ಕಿ, ಕೊಕ್ಕರೆ, ಸಿಪಿಲೆ, ಗೊರವಗಳು ಬರುತ್ತವೆ. ಬಯಲು ನೀರಿನ ಹಕ್ಕಿಯ ಚಿತ್ರ ತೆಗೆಯುವುದು ಸುಲಭವೆಂದು ತೋರುತ್ತದೆ. ಹಾಗಲ್ಲ. ಅಡಗಲು ಮರವಿಲ್ಲ, ಹಕ್ಕಿ ದೂರದಿಂದಲೇ ನಮ್ಮನ್ನು ನೋಡಿರುತ್ತದೆ.

ಹಿಂದಿನವರ ಕಷ್ಟವನ್ನು ಇಲ್ಲಿ ನೆನೆಯದಿರುವುದು ತಪ್ಪಾದೀತು. ಎಂ. ವೈ. ಘೋರ್ಪಡೆ, ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಮೊದಲಾದವರು ನಮ್ಮ ನಾಡಿನ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದದ್ದು ಫಿಲ್ಮಿನ ಕಾಲದಲ್ಲಿ. ಮೂವತ್ತೈದು ಮಿಲಿಮೀಟರಿನ ಒಂದು ಸುರುಳಿಯಲ್ಲಿ 36 ಚಿತ್ರಗಳು. ಏನು ಸಿಕ್ಕಿತೆಂಬುದು ಸುರುಳಿಯನ್ನು ತೊಳೆದ ಮೇಲೆಯೇ ತಿಳಿಯಬೇಕು. ನಮ್ಮ ಉಪಾಧ್ಯಾಯ ಮಿತ್ರರ ಯಂತ್ರವಾದರೋ ಸೆಕೆಂಡಿಗೆ 30 ಚಿತ್ರಗಳನ್ನು ತೆಗೆಯಬಲ್ಲದು. ಎಂದರೆ ಅಂದಿನ ಒಂದು ಸುರುಳಿ ಇಲ್ಲಿ ಒಂದೂಕಾಲು ಸೆಕೆಂಡಿನೊಳಗೇ ಮುಗಿದುಹೋಗುತ್ತದೆ! 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬುವರು ಸಿಸಿಡಿ ಸಾಧನವನ್ನು ಕಲ್ಪಿಸಿದರು. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಅಂಥ ಸಾಧನವನ್ನು ಬಳಸಿ ಕಟ್ಟಿದ ಕ್ಯಾಮೆರಾದ ಚಿತ್ರದಲ್ಲಿದ್ದುದು ಬರಿಯ 10,000 ಬಿಂದುಗಳು; ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ಬರೆದುಕೊಳ್ಳಲು ಅದಕ್ಕೆ 23 ಸೆಕೆಂಡು ಹಿಡಿಯುತ್ತಿತ್ತು. ಅಲ್ಲಿಂದ ಇಲ್ಲಿಗೆ ಬಂದ ದಾರಿ ಸಾಮಾನ್ಯವಾದುದಲ್ಲ.

ಮೊದಲ ದಿನ ಮೀನು ಹಿಡಿಯಲು ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತ ಕಪ್ಪುಬಿಳಿಯ ಮಿಂಚುಳ್ಳಿ ಸಿಕ್ಕಿತು. ಅದು ನೀರಿಗೆ ಧುಮುಕುವುದನ್ನು ಕಂಡು ಬೆರಳು ಗುಂಡಿಯನ್ನು ಒತ್ತುವ ಹೊತ್ತಿಗೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟಾದರೂ ಕಾಲ ಕಳೆದಿರುತ್ತದೆ; ಅಷ್ಟರಲ್ಲಿ ಹಕ್ಕಿ ಚೌಕಟ್ಟಿನ ಹೊರಗೆ. ಹೊಸ ಯಂತ್ರವು ಗುಂಡಿ ಒತ್ತುವುದಕ್ಕೆ ಮುಂಚಿನ ಅರ್ಧ ಸೆಕೆಂಡಿನ ದೃಶ್ಯಗಳನ್ನು ಸದಾ ತನ್ನ ಸ್ಮೃತಿಯಲ್ಲಿ ಹಿಡಿದಿಟ್ಟುಕೊಂಡು, ಒತ್ತಿದೊಡನೆ ಅವನ್ನೂ ಸೇರಿಸಿ ಉಳಿಸುತ್ತದೆ. ನಮ್ಮ ನರಗಳ ನಿಧಾನವನ್ನು ಯಂತ್ರವು ಹೀಗೆ ತುಂಬಿಕೊಟ್ಟಿತು. ಹಕ್ಕಿಯ ಕಣ್ಣನ್ನು ತಾನೇ ಗುರುತಿಸಿ ಅಲ್ಲಿಗೆ ಫೋಕಸ್ ಮಾಡುವ ಶಕ್ತಿಯೂ ಅದಕ್ಕಿದೆ. ಇವೆರಡನ್ನೂ ನಾವು ಮನಸಾರೆ ಮೆಚ್ಚುತ್ತೇವೆ.

ಆದರೆ ಸಂಜೆ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದಾಗ ಮಿಂಚುಳ್ಳಿಯ ಒಂದು ರೆಕ್ಕೆ ಬೇರಿನಂತೆ ಡೊಂಕಾಗಿತ್ತು. ಹಕ್ಕಿಗೇನೂ ಆಗಿರಲಿಲ್ಲ. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರಿನಲ್ಲಿ ಸೆನ್ಸರ್ ಇಡೀ ದೃಶ್ಯವನ್ನು ಒಮ್ಮೆಗೇ ಓದದೆ, ಪುಟದ ಸಾಲುಗಳನ್ನು ಓದುವಂತೆ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು ಕಾಲ ಹಿಡಿಯುವ ಯಂತ್ರಗಳು ಹಲವು. ಅಷ್ಟರಲ್ಲಿ ರೆಕ್ಕೆ ಜಾಗ ಬದಲಿಸಿರುತ್ತದೆ. 2021ರಲ್ಲಿ ಬಂದ ನಿಕಾನ್ ಜ಼ಡ್-9ರಂಥ ದುಬಾರಿ ಯಂತ್ರಗಳು ಈ ಓದನ್ನು ಸುಮಾರು 4 ಸಹಸ್ರಾಂಶ ಸೆಕೆಂಡಿನಲ್ಲಿ ಮುಗಿಸುವುದರಿಂದ ಅವುಗಳಲ್ಲಿ ಈ ವಕ್ರತೆ ಅಷ್ಟಾಗಿ ಕಾಣದು. ಉಳಿದವರು ಹಾರುವ ಹಕ್ಕಿಗೆ ಯಾಂತ್ರಿಕ ಷಟರನ್ನೇ ಬಳಸುವುದು ಲೇಸು. ಟಕಟಕ ಸದ್ದಾಗುತ್ತದೆ, ಆಗಲಿ.

ಬೆಳೆಗಾರ ಮಿತ್ರರ ಅಸಮಾಧಾನ ಬೇರೆ ಬಗೆಯದು. ಮಧ್ಯಾಹ್ನ ದಡದಿಂದ ನೂರು ಮೀಟರಿನಾಚೆ ನಿಂತ ಕೊಕ್ಕರೆಗಳ ಚಿತ್ರ ಎಷ್ಟು ತೆಗೆದರೂ ಮಸುಕು. ಲೆನ್ಸಿನಲ್ಲಿ ದೋಷವಿದೆಯೆಂದು ಅವರು ಅಂಗಡಿಗೆ ಹಿಂದಿರುಗಿಸಲು ಹೊರಟಿದ್ದರು. ಮಾರನೆಯ ದಿನ ಬೆಳಗ್ಗೆ ಏಳು ಗಂಟೆಗೆ ಅದೇ ಜಾಗದಿಂದ, ಅದೇ ಲೆನ್ಸಿನಿಂದ ತೆಗೆದ ಚಿತ್ರದಲ್ಲಿ ಗರಿಗರಿಯೂ ಬಿಡಿಯಾಗಿ ಕಂಡಿತು. ಬಿಸಿಲಿಗೆ ಕಾದ ಕೆಸರು ತನ್ನ ಮೇಲಣ ಗಾಳಿಯನ್ನು ಕಾಯಿಸುತ್ತದೆ. ಬಿಸಿಗಾಳಿಗೂ ತಣ್ಣನೆಯ ಗಾಳಿಗೂ ವಕ್ರೀಭವನಾಂಕ ಒಂದೇ ಅಲ್ಲ. ಇವೆರಡರ ಸುಳಿಗಳ ನಡುವೆ ಹಾದು ಬರುವ ಬೆಳಕು ಕ್ಷಣಕ್ಕೊಂದು ಕಡೆ ಬಾಗುತ್ತದೆ. ಒಲೆಯ ಮೇಲಿನ ಗಾಳಿಯಾಚೆ ಗೋಡೆ ನಡುಗುವಂತೆ ಕಾಣುವುದನ್ನು ಯಾರು ನೋಡಿಲ್ಲ? ಮೂರು ಕೋಟಿ ಬಿಂದುಗಳ ಸೆನ್ಸರ್ ಆ ನಡುಕವನ್ನೂ ಸ್ಪಷ್ಟವಾಗಿ ದಾಖಲಿಸುತ್ತದೆ, ಅಷ್ಟೆ. ಲೆನ್ಸನ್ನು ಬದಲಿಸಲು ಹೊರಟಿದ್ದ ಮಿತ್ರರು ಕೊನೆಗೆ ಏಳುವ ಹೊತ್ತನ್ನು ಬದಲಿಸಿಕೊಂಡರು. (ಮನೆಯವರಿಗೆ ಇದು ಹೆಚ್ಚು ತೊಂದರೆಯಾಗಿದೆಯೆಂದು ಕೇಳಿದ್ದೇವೆ.)

ಮಳೆಗಾಲದ ಪಾಡನ್ನೂ ಒಂದು ಮಾತಿನಲ್ಲಿ ಹೇಳಬೇಕು. ಮಲೆನಾಡಿನ ತೇವಕ್ಕೆ ಲೆನ್ಸಿನ ಗಾಜಿನ ಮೇಲೆಯೇ ಬೂಷ್ಟು ಬೆಳೆಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಸಾಪೇಕ್ಷ ಆರ್ದ್ರತೆ ಶೇಕಡ 50ರ ಒಳಗಿರುವಂತೆ ನೋಡಿಕೊಂಡರೆ ಸಾಕು. ಅಕ್ಕಿಯ ಡಬ್ಬದಲ್ಲಿ ಹೂಳಿಡುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ಅಕ್ಕಿಯ ತೌಡು ಹೊಕ್ಕರೆ ಇನ್ನೊಂದು ಫಜೀತಿ.

ಇವೆಲ್ಲ ಯಂತ್ರದ ಮಾತು. ನಮಗೆ ಹೆಚ್ಚು ಗಂಭೀರವೆಂದು ತೋರಿದ ಸಂಗತಿ ಬೇರೆಯೇ ಇದೆ. ಹಕ್ಕಿಯ ಚಿತ್ರವು ಗೋಡೆಯ ಅಲಂಕಾರವಾಗಿ ಮುಗಿಯುವುದಾದರೆ ತೊಂದರೆಯಿಲ್ಲ. ಆದರೆ ಇಂದು ಸಾಮಾನ್ಯ ಜನರು ತೆಗೆದ ಚಿತ್ರಗಳೇ ಯಾವ ಹಕ್ಕಿ ಎಲ್ಲಿ, ಯಾವಾಗ ಬರುತ್ತದೆಂಬುದಕ್ಕೆ ಸಾಕ್ಷ್ಯವಾಗಿ ಪಕ್ಷಿಶಾಸ್ತ್ರಕ್ಕೆ ಒದಗುತ್ತಿವೆ. ಸಾಕ್ಷಿ ಸುಳ್ಳು ಹೇಳಬಾರದಷ್ಟೆ?

ಎರಡು ಬಗೆಯ ಸುಳ್ಳನ್ನು ನಾವು ಅಂಜನಾಪುರದಲ್ಲಿಯೇ ಕಂಡೆವು. ಉಪಾಧ್ಯಾಯರ ಒಂದು ಚಿತ್ರದಲ್ಲಿ ದಾಖಲಾಗಿದ್ದ ಹೊತ್ತು ಬೆಳಗಿನ 10 ಗಂಟೆ 40 ನಿಮಿಷ. ಚಿತ್ರದಲ್ಲಾದರೋ ಗೂಟದ ನೆರಳು ಗೂಟದ ಹಲವು ಪಟ್ಟು ಉದ್ದವಾಗಿತ್ತು. ಆ ಹೊತ್ತಿಗೆ ನೆರಳು ಅಷ್ಟು ಚಾಚುವುದು ಅಸಾಧ್ಯ. ವಿಚಾರಿಸಲಾಗಿ, ಕ್ಯಾಮೆರಾದ ಗಡಿಯಾರ ಇನ್ನೂ ಜಪಾನಿನ ವೇಳೆಯನ್ನೇ ತೋರಿಸುತ್ತಿತ್ತು. ಜಪಾನಿನ ವೇಳೆ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದು. ಆದ್ದರಿಂದ ಚಿತ್ರ ತೆಗೆದದ್ದು 7 ಗಂಟೆ 10 ನಿಮಿಷಕ್ಕೆ. ಎಂಟು ತಿಂಗಳಿನಿಂದ ಅವರು ತೆಗೆದ ಚಿತ್ರಗಳೆಲ್ಲ ಇದೇ ತಪ್ಪನ್ನು ಹೊತ್ತಿದ್ದವು. ತಪ್ಪು ಒಂದೇ ಸಮನಾಗಿದ್ದುದರಿಂದ ತಿದ್ದಲು ಬಂದಿತು.

ಎರಡನೆಯದು ಇನ್ನೂ ಸೂಕ್ಷ್ಮ. ನಸುಕಿನಲ್ಲಿ ಕೆಸರಿನ ಮೇಲೆ ಒಂಟಿ ಗೊರವವೊಂದು ಮೇಯುತ್ತಿತ್ತು. ಉತ್ತರದ ಶೀತಲ ನಾಡುಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ಇಲ್ಲಿಗೆ ಬರುವ ಗೊರವಗಳಲ್ಲಿ ಗ್ರೀನ್ ಸ್ಯಾಂಡ್‌ಪೈಪರ್, ವುಡ್ ಸ್ಯಾಂಡ್‌ಪೈಪರ್ ಎಂಬ ಎರಡು ನೋಡಲು ಬಹಳ ಹತ್ತಿರ. ವುಡ್ ಸ್ಯಾಂಡ್‌ಪೈಪರಿನ ಬಿಳಿಯ ಹುಬ್ಬು ಕಣ್ಣಿನಿಂದ ಹಿಂದಕ್ಕೂ ಸಾಗುತ್ತದೆ. ಗ್ರೀನ್ ಸ್ಯಾಂಡ್‌ಪೈಪರಿನದು ಕಣ್ಣಿನ ಬಳಿಯೇ ನಿಲ್ಲುತ್ತದೆ. ಬೆಳೆಗಾರರ ಲೆನ್ಸು ಉದ್ದವಾದರೂ ಅದರ ದ್ವಾರ ಕಿರಿದು, ಎಫ್-5.6ರ ಲೆನ್ಸಿಗೆ ಹೋಲಿಸಿದರೆ ಎಫ್-11ರ ಲೆನ್ಸು ಬಿಡುವ ಬೆಳಕು ಕಾಲುಭಾಗ. ಬೆಳಕು ಕಣಕಣವಾಗಿ ಬೀಳುವುದರಿಂದ ಅದರ ಎಣಿಕೆಯಲ್ಲಿ ಏರಿಳಿತ ತಪ್ಪಿದ್ದಲ್ಲ. 10,000 ಕಣಗಳು ಬಿದ್ದಲ್ಲಿ ಏರಿಳಿತ 100ರಷ್ಟು, ಎಂದರೆ ಶೇಕಡ ಒಂದು; ನೂರೇ ಕಣಗಳು ಬಿದ್ದಲ್ಲಿ ಏರಿಳಿತ 10, ಎಂದರೆ ಶೇಕಡ ಹತ್ತು. ಮಬ್ಬಿನಲ್ಲಿ ತೆಗೆದ ಚಿತ್ರ ಮರಳು ಎರಚಿದಂತೆ ಕಾಣಲು ಇದೇ ಮುಖ್ಯ ಕಾರಣ. ಇದು ಪ್ರಕೃತಿಯ ನಿಯಮ. ಯಾವ ಕಾರ್ಖಾನೆಯೂ ಇದನ್ನು ಮೀರಲಾರದು.

ಮಿತ್ರರು ಆ ಚಿತ್ರವನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶವೊಂದಕ್ಕೆ ಒಪ್ಪಿಸಿದರು. ಮರಳು ಮಾಯವಾಯಿತು, ಗರಿಗಳು ಮೂಡಿದವು, ಹುಬ್ಬು ಕಣ್ಣನ್ನು ದಾಟಿ ಹಿಂದಕ್ಕೆ ಸಾಗಿತು! ವುಡ್ ಸ್ಯಾಂಡ್‌ಪೈಪರ್ ಎಂದು ಎಲ್ಲರೂ ಒಪ್ಪಿದೆವು, ನಾವೂ ಸೇರಿ. ಆಮೇಲೆ ಮೂಲ ಚಿತ್ರವನ್ನು ತೆರೆದರೆ ಕಣ್ಣಿನ ಹಿಂದೆ ಇದ್ದುದು ನಾಲ್ಕೈದು ಅಸ್ಪಷ್ಟ ಬಿಂದುಗಳು ಮಾತ್ರ. ತಂತ್ರಾಂಶವು ಹಿಂದೆ ಕಲಿತ ಅಸಂಖ್ಯ ಚಿತ್ರಗಳ ಬಲದಿಂದ ಇಲ್ಲಿ ಏನಿರಬಹುದೆಂದು ಊಹಿಸಿ ಬರೆದಿತ್ತು. ಏನಿರಬಹುದೆಂಬುದು ಒಂದು, ಏನಿತ್ತೆಂಬುದು ಇನ್ನೊಂದು. ಅಲಂಕಾರಕ್ಕೆ ಈ ತಂತ್ರವನ್ನು ಯಾರೂ ಬೇಡವೆನ್ನುವುದಿಲ್ಲ. ಹೆಸರು ನಿರ್ಧರಿಸುವ ಸಂದರ್ಭದಲ್ಲಿ ಮಾತ್ರ ಮೂಲ ಚಿತ್ರವೇ ಪ್ರಮಾಣವಾಗಬೇಕು. ಅದನ್ನು ಅಳಿಸಿ ತಿದ್ದಿದ್ದನ್ನು ಮಾತ್ರ ಇಟ್ಟುಕೊಳ್ಳುವವರು ದಾಖಲೆಯ ಪುಸ್ತಕವನ್ನು ಹರಿದುಹಾಕುವವರೇ ಸರಿ.

ಇನ್ನು ನಡೆನುಡಿಯ ವಿಷಯ. ಸದ್ದಿಲ್ಲದ ಷಟರ್ ಬಂದ ಮೇಲೆ, ತಾನು ಹಕ್ಕಿಗೆ ತೊಂದರೆ ಕೊಡುತ್ತಿಲ್ಲವೆಂಬ ಭ್ರಮೆ ಛಾಯಾಗ್ರಾಹಕನಿಗೆ ಹುಟ್ಟಿದೆ. ಸೊರಬ ತಾಲ್ಲೂಕಿನ ಗುಡವಿಯಲ್ಲಿ ನೀರಿನ ನಡುವಣ ಮರಗಳ ಮೇಲೆ ಬಿಳಿ ಕೆಂಬರಲುಗಳು ಗೂಡು ಕಟ್ಟುವುದರಿಂದ ಅವಕ್ಕೆ ಸ್ವಲ್ಪ ರಕ್ಷೆಯಿದೆ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಬರಿ ನೆಲದ ಮೇಲೆ ಮೊಟ್ಟೆಯಿಡುವ ರೀವಗಳಿಗೆ ಅದೂ ಇಲ್ಲ. ಮನುಷ್ಯ ಹತ್ತಿರ ಬಂದರೆ ತಾಯಿ ಎದ್ದು ಹಾರುತ್ತದೆ. ಬೇಸಗೆಯ ಬಿಸಿಲಿಗೆ ಮೊಟ್ಟೆ ಕಾಯುತ್ತದೆ, ಇಲ್ಲವೇ ಕಾಗೆ ಹದ್ದುಗಳ ಪಾಲಾಗುತ್ತದೆ. ಹಕ್ಕಿ ಹೆದರುವುದು ನಮ್ಮ ಕಾಲಿಗೆ, ಕ್ಯಾಮೆರಾದ ಸದ್ದಿಗಲ್ಲ. ಗೂಡಿನ ಚಿತ್ರಕ್ಕೆ ಬಹುಮಾನ ಕೊಡುವುದನ್ನು ಸ್ಪರ್ಧೆಗಳು ನಿಲ್ಲಿಸಬೇಕೆಂಬುದು ನಮ್ಮ ದೃಢವಾದ ಮತ.

ವಿದ್ಯಾರ್ಥಿ ಮಿತ್ರನಿಗೆ ನಾವು ಹೇಳಿದ್ದಿಷ್ಟು: ಸಾಲ ಬೇಡ. ಎಂಟು ಪಟ್ಟು ಹಿಗ್ಗಿಸುವ ಒಂದು ದುರ್ಬೀನು, ಒಂದು ಟಿಪ್ಪಣಿ ಪುಸ್ತಕ, ಈಗಿರುವ ಕ್ಯಾಮೆರಾ ಇವುಗಳಿಂದ ಎರಡು ವರ್ಷ ಧಾರಾಳವಾಗಿ ಸಾಗುತ್ತದೆ. ಅವನ ಮುಖ ಸಣ್ಣದಾಯಿತು. ಹಣವಿದ್ದವರಿಗೆ ಇಂಥ ಉಪದೇಶ ಸುಲಭವೆಂದು ಅವನಿಗೆ ಅನ್ನಿಸಿರಬೇಕು. ಅದು ಪೂರ್ತಿ ತಪ್ಪೂ ಅಲ್ಲ.

ಹೊರಡುವ ಮುನ್ನ ಅವನು ತನ್ನ ಕ್ಯಾಮೆರಾದ ಪರದೆಯನ್ನು ನಮಗೆ ತೋರಿಸಿದ. ಅದೇ ಗೊರವ ಹಾರಿಹೋಗುವಾಗ ಅವಸರದಲ್ಲಿ ತೆಗೆದ ಚಿತ್ರ. ಮೂಲೆಯಲ್ಲಿ ಹಕ್ಕಿ, ತಲೆ ಪೂರ್ತಿ ಮಸುಕು. ಆದರೆ ಎತ್ತಿದ ರೆಕ್ಕೆಯ ಅಡಿಭಾಗ ಕಪ್ಪಾಗಿ ಕಾಣುತ್ತಿತ್ತು. ವುಡ್ ಸ್ಯಾಂಡ್‌ಪೈಪರಿಗೆ ಆ ಭಾಗ ಮಾಸಲು ಬಿಳುಪು. ಕಪ್ಪಾಗಿರುವುದು ಗ್ರೀನ್ ಸ್ಯಾಂಡ್‌ಪೈಪರಿಗೆ. ಉಪಾಧ್ಯಾಯರು ತಮ್ಮ ಪುಸ್ತಕದಲ್ಲಿ ಬರೆದಿದ್ದ ಹೆಸರನ್ನು ಹೊಡೆದುಹಾಕಿ ಸರಿಯಾದುದನ್ನು ಬರೆದರು; ಪಕ್ಕದಲ್ಲಿ ಹೊತ್ತನ್ನು ಮೂರೂವರೆ ಗಂಟೆ ಕಳೆದು ನಮೂದಿಸಿದರು.