ಸೊನ್ನೆಗೂ ಸೀಟುಂಟು, ದುಡ್ಡಿದ್ದರೆ!



ನಮ್ಮ ಹುಡುಗನೊಬ್ಬ ಡಾಕ್ಟರಾದ ಕೂಡಲೇ ಏಳುವ ಮೊದಲ ಮಾತು: "ಕೋಟಾದಲ್ಲಿ ಬಂದವನಲ್ಲವೇ? ಇವನ ಕೈಗೆ ಜೀವ ಕೊಡೋದು ಹೇಗೆ?" ಮೆರಿಟ್ ಎಂಬ ಈ ದೇವರ ಜಾತಕವನ್ನು ಒಮ್ಮೆ ಬಿಡಿಸಿ ನೋಡೋಣ.

1960ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯದಲ್ಲಿ ಮೆಡಿಕಲ್ ಸೀಟಿಗೆ ಅಂಕಪಟ್ಟಿಯೊಂದೇ ಸಾಲದು ಎಂದರು. ಸಂದರ್ಶನ ಇಟ್ಟರು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ನೂರಕ್ಕೆ 25ರಷ್ಟು ಅದಕ್ಕೆ. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟ, ನಾಟಕ, ಚರ್ಚಾಕೂಟ ಎಲ್ಲಕ್ಕೂ ಅಂಕ. 1964ರ ಚಿತ್ರಲೇಖಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಸರಿ ಎಂದಿತು. ರಜೆ ಬಂದರೆ ಕಳೆ ಕೀಳೋಕೆ ಹೋಗುವ ಹುಡುಗ ಯಾವ ನಾಟಕ ಆಡಬೇಕಿತ್ತು? ಯಜಮಾನನ ಮುಂದೆ ತಲೆ ಎತ್ತಬೇಡ ಅಂತ ಬೆಳೆಸಿದ ಮಗ ಸಾಹೇಬರ ಮುಂದೆ ಎಂಥ ವ್ಯಕ್ತಿತ್ವ ತೋರಿಸಬೇಕಿತ್ತು?

ಆಮೇಲೆ ದುಡ್ಡಿನ ಬಾಗಿಲು ತೆರೆಯಿತು. ಕ್ಯಾಪಿಟೇಷನ್ ನಿಷೇಧಕ್ಕೆ ನಮ್ಮ ರಾಜ್ಯದಲ್ಲಿ 1984ರಲ್ಲೇ ಕಾಯ್ದೆಯಾಯ್ತು. ಆದರೆ 1989ರ ಸರ್ಕಾರಿ ಅಧಿಸೂಚನೆಯಂತೆ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000! 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದು ಕ್ಯಾಪಿಟೇಷನ್ನೇ ಎಂದಿತು. ಬಾಗಿಲು ಮುಚ್ಚಿತೇ? ಇಲ್ಲ. 2005ರ ಮತ್ತೊಂದು ತೀರ್ಪು ಖಾಸಗಿ ಕಾಲೇಜುಗಳಲ್ಲಿ ನೂರಕ್ಕೆ 15ರವರೆಗೆ ಎನ್‌ಆರ್‌ಐ ಸೀಟಿಗೆ ಒಪ್ಪಿಗೆ ಕೊಟ್ಟಿತು. ಅದೂ ಕೋಟಾನೇ ತಾನೇ? ಆ ಡಾಕ್ಟರನನ್ನು ಯಾರಾದರೂ ಹಂಗಿಸಿದ್ದುಂಟೇ?

ಈಗ ನೀಟ್ ಬಂದಿದೆ. ಒಂದು ದಿನ, ಒಂದು ಪರೀಕ್ಷೆ, 720 ಅಂಕ. ಎರಡು ವರ್ಷ ಕಷ್ಟಪಟ್ಟು ತೆಗೆದ ಪಿಯುಸಿ ಅಂಕ ಬರೀ ಹೊಸ್ತಿಲು ದಾಟೋಕೆ. ರ್‍ಯಾಂಕು ಬೇಕಾದರೆ ಲಕ್ಷಗಟ್ಟಲೆ ಸುರಿದು ಕೋಚಿಂಗ್ ಕೊಳ್ಳಬೇಕು. ತಮಿಳುನಾಡಿನ ಅರಿಯಲೂರು ಜಿಲ್ಲೆಯ ಕೂಲಿಕಾರನ ಮಗಳು, ನಮ್ಮ ಅನಿತಾ, ಹನ್ನೆರಡನೇ ತರಗತಿಯಲ್ಲಿ 1200ಕ್ಕೆ 1176 ತೆಗೆದಳು. ನೀಟ್ ಆಕೆಯ ಸೀಟು ಕಿತ್ತಿತು. 2017ರ ಸೆಪ್ಟೆಂಬರ್ 1ರಂದು ಆ ಮಗು ಪ್ರಾಣ ಕಳೆದುಕೊಂಡಿತು. 1176 ಮೆರಿಟ್ ಅಲ್ಲವೇನ್ರಪ್ಪಾ?

ಇನ್ನೊಂದು ಕೇಳಿ. 2023ರಲ್ಲಿ ಸ್ನಾತಕೋತ್ತರ ಮೆಡಿಕಲ್ ಸೀಟು ಖಾಲಿ ಉಳಿದವು. ಕೇಂದ್ರ ಸರ್ಕಾರ ಎಲ್ಲ ವರ್ಗಕ್ಕೂ ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೆ ಇಳಿಸಿತು. ಅಂದರೆ ಪರೀಕ್ಷೆಗೆ ಕೂತವರೆಲ್ಲ ಅರ್ಹರು! ಮುಂದೆ ಸೀಟು ಹಿಡಿಯೋದು ಫೀಸು ಕಟ್ಟುವ ತಾಕತ್ತಿದ್ದವನು. 2006ರಲ್ಲಿ ಹಿಂದುಳಿದವರ ಮೀಸಲಾತಿ ವಿರುದ್ಧ ಆಸ್ಪತ್ರೆ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ ಮೆರಿಟ್ ಭಕ್ತರು ಈ ಸೊನ್ನೆಗೆ ಯಾಕೆ ಬೀದಿಗಿಳಿಯಲಿಲ್ಲ?

ನಾವು ಹೇಳೋದಿಷ್ಟೇ. ನಾವು ಬಾಗಿಲು ತಟ್ಟಿದಾಗ ಮಾತ್ರ ಇವರ ತಕ್ಕಡಿ ಹೊರಗೆ ಬರುತ್ತೆ. ದುಡ್ಡು ತಟ್ಟಿದಾಗ ಒಳಗೆ ಹೋಗುತ್ತೆ. ಪರೀಕ್ಷೆಯ ಅಂಕವೊಂದೇ ಅರ್ಹತೆಯ ಅಳತೆಯಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಆದ್ದರಿಂದ ನಮ್ಮ ಒತ್ತಾಯ: ಪ್ರತಿಯೊಂದು ಸರ್ಕಾರಿ ಹಾಸ್ಟೆಲಿನಲ್ಲೂ ಮೊದಲ ಪಿಯುಸಿಯಿಂದಲೇ ಉಚಿತ ನೀಟ್ ತರಬೇತಿ ಕೊಡಿ, ಕನ್ನಡದಲ್ಲಿ ಕೊಡಿ. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ನೂರಕ್ಕೆ 7.5 ಸೀಟು ಇಟ್ಟ ಹಾಗೆ ಇಲ್ಲೂ ಇಡಿ. ಸೀಟು ಸಿಕ್ಕಿದ ನಮ್ಮ ಮಕ್ಕಳು ಫೀಸಿಲ್ಲದೆ ವಾಪಸು ಬರೋದನ್ನು ನಿಲ್ಲಿಸಿ.

ನಾವು ಭಿಕ್ಷೆ ಕೇಳುತ್ತಿಲ್ಲ. ನಮ್ಮ ಪಾಲು ಕೇಳುತ್ತಿದ್ದೇವೆ. ಜೈ ಭೀಮ್!