ಅಮ್ಮನ ಮೇಜಿನ ಮೇಲೆ ಮಗನ ಕಂಪ್ಯೂಟರ್

ಅಂಗೈಯಗಲದ ಪೆಟ್ಟಿಗೆ. ಮಾನಿಟರಿನ ಬೆನ್ನಿಗೆ ನಾಲ್ಕು ಸ್ಕ್ರೂ ಹಾಕಿ ಬಿಗಿದರೆ ಮೇಜಿನ ಮೇಲೆ ಅದು ಇದೆಯೆಂಬುದೇ ತಿಳಿಯದು. ರಜೆಗೆ ಊರಿಗೆ ಹೊರಟ ಅನಿವಾಸಿ ಕನ್ನಡಿಗರ ಸೂಟ್‌ಕೇಸಿನಲ್ಲಿ ಬಾದಾಮಿ, ಚಾಕೊಲೇಟುಗಳ ನಡುವೆ ಈಗ ಇಂಥದೊಂದು ಕಂಪ್ಯೂಟರ್ ಕೂಡ ಜಾಗ ಪಡೆದಿದೆ. ತಂದೆತಾಯಿಗಾಗಿ ಕೈಯಾರೆ ಜೋಡಿಸಿದ್ದು, ಖರ್ಚು ಕಡಿಮೆ, ಹೆಮ್ಮೆ ಹೆಚ್ಚು.

ಯಂತ್ರದ ಆಯ್ಕೆಯಲ್ಲಿ ತಪ್ಪು ಹುಡುಕುವಂತಿಲ್ಲ. ಇಂಟೆಲ್ 2023ರಲ್ಲಿ ಹೊರತಂದ ಎನ್100 ಚಿಪ್‌ಗೆ ನಿಗದಿಯಾಗಿರುವ ವಿದ್ಯುತ್ ಮಿತಿ ಕೇವಲ 6 ವ್ಯಾಟ್. ಆಷಾಢದ ಮಳೆಯಲ್ಲಿ ಕರೆಂಟು ಬಂದು ಹೋಗುವ ಮಲೆನಾಡಿನ ಮನೆಯ ಇನ್ವರ್ಟರಿಗೂ ಅದು ಹೊರೆಯಲ್ಲ. ಇನ್ನೂ ಅಗ್ಗದ ದಾರಿಯೂ ಇದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬೆಂಬಲ ನಿಂತಿತು; ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಇಲ್ಲವೆಂಬ ಒಂದೇ ಕಾರಣಕ್ಕೆ ಗಟ್ಟಿಮುಟ್ಟಾದ ಕಚೇರಿ ಕಂಪ್ಯೂಟರುಗಳು ಮೂಲೆ ಸೇರುತ್ತಿವೆ. ಅವಕ್ಕೆ ಒಂದು ಎಸ್‌ಎಸ್‌ಡಿ, ಮೇಲೆ ಲಿನಕ್ಸ್ ಹಾಕಿದರೆ ಇನ್ನೂ ಹಲವು ವರ್ಷ ದುಡಿಯುತ್ತವೆ.

ತಕರಾರು ಇರುವುದು ಗುಂಡಿ ಒತ್ತಿದ ಮೇಲಿನ ಸಂಗತಿಯ ಬಗ್ಗೆ. ತೆರೆ ಬೆಳಗುತ್ತದೆ, ಇಂಗ್ಲಿಷಿನಲ್ಲಿ. ಮೆನು ಇಂಗ್ಲಿಷ್, ಎಚ್ಚರಿಕೆ ಇಂಗ್ಲಿಷ್, ಕೀಲಿಮಣೆ ಇಂಗ್ಲಿಷ್. ಬ್ಯಾಂಕಿನ ಚಲನ್‌ನಲ್ಲಿ ಕನ್ನಡವಿಲ್ಲವೆಂದು ಸಹಿ ಸಂಗ್ರಹಿಸುವವರು, ಹಿಂದಿ ಹೇರಿಕೆಯ ವಿರುದ್ಧ ಪುಟಗಟ್ಟಲೆ ಬರೆಯುವವರು, ತಮ್ಮ ಹೆತ್ತವರ ನಡುಮನೆಯಲ್ಲಿ ತಾವೇ ಒಂದು ಹೇರಿಕೆಯನ್ನು ಸ್ಥಾಪಿಸಿ ವಿಮಾನ ಹತ್ತುತ್ತಾರೆ. "ಅವರಿಗೆ ಅಷ್ಟು ಇಂಗ್ಲಿಷ್ ಬರುತ್ತದೆ" ಎಂಬುದು ಸಮಜಾಯಿಷಿ. ಬ್ಯಾಂಕಿನವರ ಸಮಜಾಯಿಷಿಯೂ ಅದೇ ಅಲ್ಲವೇ?

ಭಾಷೆಯನ್ನು ಕೊನೆಯಲ್ಲಿ ಬಳಿಯುವ ಬಣ್ಣವೆಂದು ಬಗೆಯದ ಒಂದು ಪರಂಪರೆ ಬೆಂಗಳೂರಿನಲ್ಲೇ ಇತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಕಂಪನಿಯ ಎಂಜಿನಿಯರುಗಳೂ ಸೇರಿ 1999ರಲ್ಲಿ ಟ್ರಸ್ಟ್ ಕಟ್ಟಿ ರೂಪಿಸಿದ ಸಿಂಪ್ಯೂಟರ್ ಲಿನಕ್ಸ್ ಮೇಲೆ ಓಡುತ್ತಿತ್ತು. ಓದಲು ಬಾರದವರಿಗೆ ಭಾರತೀಯ ಭಾಷೆಗಳಲ್ಲಿ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವುದು ಅದರ ಮೂಲ ಉದ್ದೇಶಗಳಲ್ಲೊಂದು. 2004ರಲ್ಲಿ ಮಾರುಕಟ್ಟೆಗೆ ಬಂದು ಸೋತಿತು, ನಿಜ. ಸೋತದ್ದು ಸರಕು. ಬಳಸುವವರ ಭಾಷೆಯಿಂದಲೇ ವಿನ್ಯಾಸ ಆರಂಭವಾಗಬೇಕೆಂಬ ವಿಚಾರವನ್ನೂ ಅದರೊಂದಿಗೆ ಗುಜರಿಗೆ ಹಾಕಿದ್ದು ಮಾತ್ರ ಅದೇ ನಗರದಲ್ಲಿ ಕಲಿತು ಹಾರಿಹೋದ ತಲೆಮಾರು.

ಮಾಡಬೇಕಾದ ಕೆಲಸವಾದರೂ ಎಷ್ಟು? ಕೆ. ಪಿ. ರಾವ್ ಅವರ ಚಿಂತನೆಯಿಂದ ಬೆಳೆದ, ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಿಗೆಲ್ಲ ಪರಿಚಿತವಾದ ಕಗಪ ವಿನ್ಯಾಸ ಲಿನಕ್ಸಿನೊಳಗೇ ಅಡಕವಾಗಿದೆ. ಬೇರೆ ತಂತ್ರಾಂಶ ಬೇಕಿಲ್ಲ. ಸೆಟ್ಟಿಂಗಿನಲ್ಲಿ ಆರಿಸಿದರೆ ಸಾಕು. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಕನ್ನಡದಲ್ಲಿ ದೊರೆಯುತ್ತವೆ. ಲಿನಕ್ಸಿನ ಮೆನುಗಳ ಅನುವಾದ ಅಪೂರ್ಣ ಎಂಬ ಆಕ್ಷೇಪ ಸತ್ಯವೇ. ಅದನ್ನು ಪೂರ್ಣಗೊಳಿಸಲು ಬೇಕಾದ ಕನ್ನಡವೂ ತಾಂತ್ರಿಕ ಜ್ಞಾನವೂ ಒಟ್ಟಿಗೇ ಇರುವುದು ಆಕ್ಷೇಪಿಸುವವರ ಬಳಿಯಲ್ಲೇ ಎಂಬುದೂ ಅಷ್ಟೇ ಸತ್ಯ.

ಈ ಉದಾಸೀನಕ್ಕೆ ತೆರುವ ಬೆಲೆ ಸಣ್ಣದಲ್ಲ. ನಿವೃತ್ತ ಮೇಷ್ಟರೊಬ್ಬರು ಹಳೆಯ ಯಂತ್ರದಲ್ಲಿ, ಹಳೆಯ ನುಡಿಯಲ್ಲಿ, ತಮ್ಮೂರಿನ ಕೆರೆ, ಗೇಣಿ ಹೋರಾಟ, ಶಾಲೆಗಳ ಕುರಿತು ನೂರು ಪುಟ ಬೆರಳಚ್ಚು ಮಾಡಿಟ್ಟಿದ್ದಾರೆ ಎನ್ನೋಣ. ಅಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ಆ ಫಾಂಟಿಲ್ಲದ ಹೊಸ ಯಂತ್ರದಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. "ಫೈಲ್ ಕೆಟ್ಟಿದೆಯಪ್ಪಾ" ಎಂದು ಮಗ ಅಳಿಸಿಬಿಡುತ್ತಾನೆ. ಕೆಟ್ಟಿರುವುದಿಲ್ಲ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರು ಉಚಿತವಾಗಿ ಕೊಟ್ಟು ವರ್ಷಗಳಾಗಿವೆ. ಒಂದು ಊರಿನ ಚರಿತ್ರೆ ಹೋಗುವುದು ಹತ್ತು ನಿಮಿಷದ ಅಸಡ್ಡೆಗೆ.

ಇನ್ನು ಪಾಸ್‌ವರ್ಡ್. ಯಂತ್ರ ತೀರ್ಥಹಳ್ಳಿಯಲ್ಲಿರುತ್ತದೆ, ಅದರ ಯಜಮಾನಿಕೆಯ ಪಾಸ್‌ವರ್ಡ್ ಸನ್ನಿವೇಲ್‌ನಲ್ಲಿರುತ್ತದೆ. ದೂರದಿಂದಲೇ ತೆರೆಯನ್ನು ನೋಡುವ, ನಡೆಸುವ ತಂತ್ರಾಂಶವೊಂದನ್ನು ತಂದೆತಾಯಿಯ ಒಪ್ಪಿಗೆಯನ್ನೂ ಕೇಳದೆ ಒಳಗಿಟ್ಟಿರಲಾಗುತ್ತದೆ. ಮಹಾ ಕಂಪನಿಗಳು ಬಳಕೆದಾರರ ಮೇಲೆ ಕಣ್ಣಿಡುವುದನ್ನು ಖಂಡಿಸುವ ಲೇಖನವನ್ನು ಅದೇ ಮಗ ಅದೇ ವಾರ ಹಂಚಿಕೊಂಡಿರುತ್ತಾನೆ. ವಂಚಕರ ಕರೆಗಳ ಕಾಲವಿದು, ಭದ್ರತೆ ಬೇಡವೇ ಎಂದರೆ, ಬೇಕು. ಆದರೆ ಸಹಾಯಕ್ಕೆ ಕರೆದಾಗ ಬಾಗಿಲು ತಟ್ಟಿ ಬರುವ ಏರ್ಪಾಡು ಬೇರೆ, ಕಳ್ಳಗಿಂಡಿ ಕೊರೆದಿಟ್ಟುಕೊಳ್ಳುವುದು ಬೇರೆ. ಮನೆಯ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ನಲವತ್ತು ವರ್ಷ ಸಂಸಾರ ನಡೆಸಿದ ಹೆಂಗಸು ಒಂದು ಪಾಸ್‌ವರ್ಡ್ ಕಾಪಾಡಲಾರಳೇ?

ಅಮ್ಮ ಏನಾದರೂ ಒತ್ತಿ ಹಾಳುಮಾಡಿದರೆ ಎಂಬ ಆತಂಕವೊಂದು ಉಳಿಯಿತು. ಮಾಡಲಿ. ಹತ್ತನೆಯ ವಯಸ್ಸಿನಲ್ಲಿ ರೇಡಿಯೊ ಬಿಚ್ಚಿ, ಮತ್ತೆ ಜೋಡಿಸಲಾಗದೆ ಕೂತ ಮಗನ ಕೈಯಿಂದ ಆ ಮನೆಯಲ್ಲಿ ಯಾರೂ ಸ್ಕ್ರೂಡ್ರೈವರ್ ಕಿತ್ತುಕೊಂಡಿರಲಿಲ್ಲ. ಕಡತಗಳ ನಕಲು ಒಂದು ಡಿಸ್ಕಿನಲ್ಲಿ, ಲಿನಕ್ಸ್ ಒಂದು ಪೆನ್‌ಡ್ರೈವಿನಲ್ಲಿ, ಕನ್ನಡದಲ್ಲಿ ಬರೆದ ಒಂದು ಪುಟದ ಸೂಚನೆ ಜೊತೆಯಲ್ಲಿ, ಮೂರೂ ಮೇಜಿನ ಖಾನೆಯಲ್ಲಿದ್ದರೆ, ಕೆಟ್ಟ ಯಂತ್ರವನ್ನು ಪಕ್ಕದ ಮನೆಯ ಡಿಪ್ಲೊಮಾ ಓದುವ ಹುಡುಗಿ ಸಂಜೆಯೊಳಗೆ ಸರಿಮಾಡಿಕೊಡುತ್ತಾಳೆ. ಸನ್ನಿವೇಲ್‌ನಲ್ಲಿ ಬೆಳಗಾಗುವವರೆಗೆ ಕಾಯಬೇಕಿಲ್ಲ.